ಕ್ಷಾಮಸಾಲವನ್ನು ಹೊತ್ತ ದಿವಾನರು

ಶ್ರವಣಬೆಳಗೊಳದಲ್ಲಿ ೧೬೩೪ನೆಯ ಇಸವಿಯ ಶಾಸನವೊಂದಿದೆ. ಗೊಮ್ಮಟಸ್ವಾಮಿಯ ಪೂಜೆಗೆಂದು ಬಿಟ್ಟಿದ್ದ ಭೂಮಿಯನ್ನು ಸ್ಥಾನಿಕರು ವರ್ತಕರಲ್ಲಿ ಒತ್ತೆಯಿಟ್ಟಿದ್ದರು. ಮೈಸೂರಿನ ಚಾಮರಾಜ ಒಡೆಯರು ವರ್ತಕರನ್ನು ಕರೆಯಿಸಿ, ಆ ಹಣವನ್ನು ತಾವೇ ಕೊಡುವುದಾಗಿ ಹೇಳಲು, ಅವರು ಸಾಲವನ್ನೇ ಬಿಟ್ಟುಕೊಟ್ಟರು. ಮುಂದೆ ಆ ಭೂಮಿಯನ್ನು ಯಾರೂ ಒತ್ತೆಯಿಡಕೂಡದೆಂದು ವಿಧಿಸಲಾಯಿತು. ದೇವಸ್ಥಾನದ ಋಣವು ಹೀಗೆ ಹರಿಯಿತು. ಆದರೆ ಸಂಸ್ಥಾನವೇ ಸಾಲಕ್ಕೆ ಸಿಕ್ಕಿದಾಗ ಅದನ್ನು ಬಿಟ್ಟುಕೊಡುವವರು ಯಾರು? ಅದೇ ರಾಜಮನೆತನದ ದಿವಾನರಾಗಿ ಈ ಪ್ರಶ್ನೆಯನ್ನು ಎದುರಿಸಿದ ಸಿ. ರಂಗಾಚಾರ್ಲು ಅವರ ಚರಿತ್ರೆಯನ್ನು ನಾವು ಸ್ಮರಿಸುವುದು ಯುಕ್ತವಾಗಿದೆ.

೧೮೩೧ರಲ್ಲಿ ಚೆಂಗಲ್ಪಟ್ಟು ಸೀಮೆಯಲ್ಲಿ ಜನಿಸಿದ ಇವರು ಮದ್ರಾಸು ಸರಕಾರದ ಸೇವೆಯಲ್ಲಿ ಪಳಗಿ, ೧೮೬೮ರಲ್ಲಿ ಮೈಸೂರಿಗೆ ಬಂದು ಅರಮನೆಯ ಆಡಳಿತವನ್ನು ಸರಿಪಡಿಸಿದರು. ೧೮೮೧ರ ಮಾರ್ಚ್ ೨೫ರಂದು ರಾಜ್ಯವು ಚಾಮರಾಜೇಂದ್ರ ಒಡೆಯರಿಗೆ ಮರಳಿದಾಗ ಇವರೇ ದಿವಾನರಾದರು. ಆಗ ಕೈಗೆ ಬಂದ ಬೊಕ್ಕಸವೆಂತಹುದು! ೧೮೭೬-೭೮ರ ಕ್ಷಾಮದಲ್ಲಿ ಲಕ್ಷೋಪಲಕ್ಷ ಜನರು ಮಡಿದಿದ್ದರು. ಇಂಡಿಯಾ ಸರಕಾರಕ್ಕೆ ತೀರಿಸಬೇಕಾದ ಕ್ಷಾಮಸಾಲವು ೮೦ ಲಕ್ಷ ರೂಪಾಯಿ. ವರ್ಷದ ಹುಟ್ಟುವಳಿಯು ಸುಮಾರು ಒಂದು ಕೋಟಿ. ಅದರಲ್ಲಿ ಬ್ರಿಟಿಷರಿಗೆ ಸಲ್ಲುವ ಪೊಗದಿಯೇ ೨೪|| ಲಕ್ಷ, ಮುಂದೆ ಅದು ೩೫ ಲಕ್ಷಕ್ಕೇರುವುದೆಂದು ಕರಾರಾಗಿತ್ತು. ಕ್ಷಾಮದಿಂದ ಸೋತ ರೈತನ ಮೇಲೆ ಕಂದಾಯವನ್ನು ಹೆಚ್ಚಿಸುವುದಂತೂ ಸಾಧ್ಯವಿರಲಿಲ್ಲ.

ದಿವಾನರು ವೆಚ್ಚವನ್ನು ಕತ್ತರಿಸಿದರು. ಎಂಟು ಜಿಲ್ಲೆಗಳಲ್ಲಿ ಎರಡು ರದ್ದಾದುವು. ಅವುಗಳಲ್ಲಿ ಹಾಸನವೂ ಒಂದು. ಸಾಲದ ಭಾರವನ್ನು ಹಾಸನದ ಪ್ರಜೆಗಳು ದೂರವಾದ ಕಚೇರಿಯ ರೂಪದಲ್ಲಿ ಹೊತ್ತರು. ೧೮೮೬ರಲ್ಲಿ ಜಿಲ್ಲೆಯು ಮರಳಿ ಸ್ಥಾಪಿತವಾದುದೇ ಈ ಮಿತವ್ಯಯವು ಮಿತಿಮೀರಿತ್ತೆಂಬುದಕ್ಕೆ ಸಾಕ್ಷಿಯೆಂದು ನಮ್ಮ ಅಭಿಪ್ರಾಯ.

ಆದರೆ ಅವರು ಕತ್ತರಿಸುವುದನ್ನು ಮಾತ್ರವೇ ಬಲ್ಲವರಾಗಿರಲಿಲ್ಲ. ಧಾನ್ಯವಿದ್ದರೂ ಸಾಗಿಸಲು ದಾರಿಯಿಲ್ಲದೆ ಜನರು ಸತ್ತುದನ್ನು ಕಂಡಿದ್ದ ಅವರು ಬೆಂಗಳೂರು-ಮೈಸೂರು ರೈಲುದಾರಿಯನ್ನು ಸಂಸ್ಥಾನದ ಹಣದಿಂದಲೇ ೧೮೮೨ರಲ್ಲಿ ಮುಗಿಸಿದರು. ಉಂಡು ತೀರುವ ಸಾಲ ಬೇರೆ, ಫಲ ಕೊಡುವ ವೆಚ್ಚ ಬೇರೆ ಎಂಬ ವಿವೇಕವು ಅವರಲ್ಲಿತ್ತು. ೧೮೮೧ರ ಅಕ್ಟೋಬರ್ ೭ರಂದು ೧೪೪ ಮಂದಿ ಪ್ರತಿನಿಧಿಗಳ ಸಭೆಯನ್ನು ಕೂಡಿಸಿ, ರಾಜ್ಯದ ಸ್ಥಿತಿಯನ್ನೂ ಆಯವ್ಯಯವನ್ನೂ ಅವರ ಮುಂದಿಟ್ಟರು. ಆ ಸಭೆಗೆ ಕೇಳುವ ಅವಕಾಶವಿತ್ತೇ ಹೊರತು ನಿರ್ಣಯಿಸುವ ಅಧಿಕಾರವಿರಲಿಲ್ಲ. ಆದರೂ ತೆರುವವನಿಗೆ ಲೆಕ್ಕ ಒಪ್ಪಿಸಬೇಕೆಂಬ ಧರ್ಮವು ಅಂದು ಮೊಳೆಯಿತು. ೧೮೮೩ರ ಜನವರಿಯಲ್ಲಿ, ದಿವಾನಗಿರಿಯು ಎರಡು ವರ್ಷ ತುಂಬುವ ಮೊದಲೇ, ಅವರು ದಿವಂಗತರಾದರು.

ಇಂದು ಆಯವ್ಯಯವನ್ನು ನಿರ್ಣಯಿಸುವವರು ನಮ್ಮ ಪ್ರತಿನಿಧಿಗಳೇ. ಸಾಲಕ್ಕೆ ಮಿತಿಯಿರಬೇಕೆಂದು ಕರ್ನಾಟಕವು ೨೦೦೨ರಲ್ಲಿ ವಿತ್ತೀಯ ಹೊಣೆಗಾರಿಕೆಯ ಕಾನೂನನ್ನೂ ಮಾಡಿಕೊಂಡಿದೆ. ಆದರೂ ಬೆಳಗೊಳದ ವರ್ತಕರಂತೆ ಸಾಲವನ್ನು ಬಿಟ್ಟುಕೊಡುವವರು ರಾಜ್ಯಕ್ಕೆ ದೊರೆಯಲಾರರು. ಇಂದು ಎತ್ತಿದ ಸಾಲವನ್ನು ನಾಳೆ ಹುಟ್ಟುವವರು ತೀರಿಸಬೇಕು; ಅವರಾದರೋ ಯಾವ ಸಭೆಯಲ್ಲಿಯೂ ಕುಳಿತಿಲ್ಲ. ಅವರ ಪರವಾಗಿ ಲೆಕ್ಕ ಕೇಳುವುದು ನಮ್ಮ ಕರ್ತವ್ಯ.