ತುತ್ತಿನ ಹಾದಿಯನ್ನು ಕಂಡ ಕ್ಯಾನನ್ ಪಂಡಿತರು

ಅನ್ನದ ತುತ್ತನ್ನು ನಾವು ದಿನವೂ ನುಂಗುತ್ತೇವೆ. ಗಂಟಲನ್ನು ದಾಟಿದ ಮೇಲೆ ಅದರ ಗತಿ ಏನಾಯಿತೆಂದು ವಿಚಾರಿಸುವವರು ಅಪರೂಪ. ಜೀವವುಳ್ಳ ಪ್ರಾಣಿಯ ಅನ್ನನಾಳದಲ್ಲಿ ತುತ್ತು ಇಳಿಯುವುದನ್ನು ಕಣ್ಣಾರೆ ಕಂಡು ಲೋಕಕ್ಕೆ ತಿಳಿಸಿದವರಲ್ಲಿ ಮೊದಲಿಗರು ಅಮೇರಿಕಾದ ಶರೀರಶಾಸ್ತ್ರಜ್ಞರಾದ ವಾಲ್ಟರ್ ಬ್ರ್ಯಾಡ್‌ಫರ್ಡ್ ಕ್ಯಾನನ್ ಎಂಬವರು. ಇವರ ಚರಿತ್ರೆಯು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ತಾಯ್ತಂದೆಗಳಿಗೂ ಪ್ರಯೋಜನಕರವೆಂದೆಣಿಸಿ ಇಲ್ಲಿ ಸಂಕ್ಷೇಪವಾಗಿ ಬರೆಯುತ್ತೇವೆ.

ಇವರು 1871ನೆಯ ಇಸವಿಯ ಅಕ್ಟೋಬರ್ 19ರಂದು ವಿಸ್ಕಾನ್ಸಿನ್ ಸಂಸ್ಥಾನದಲ್ಲಿ ಹುಟ್ಟಿದರು. ತಂದೆಯು ರೈಲ್ವೆಯ ನೌಕರನು. ಬಾಲಕನಿಗೆ ಸುಮಾರು ಹತ್ತು ವರುಷವಾಗುವಷ್ಟರಲ್ಲಿ ತಾಯಿಯು ತೀರಿಕೊಂಡಳು. ಹದಿನಾಲ್ಕನೆಯ ವಯಸ್ಸಿನಲ್ಲಿ, ಹುಡುಗನಿಗೆ ಓದಿನಲ್ಲಿ ಮನಸ್ಸಿಲ್ಲವೆಂದು ತಂದೆಯು ಶಾಲೆ ಬಿಡಿಸಿ ರೈಲ್ವೆ ಕಛೇರಿಯ ಕೆಲಸಕ್ಕೆ ಹಾಕಿದನು. ಎರಡು ವರುಷ ಅಲ್ಲಿ ದುಡಿದ ತರುವಾಯ ವಿದ್ಯೆಯ ಬೆಲೆಯನ್ನರಿತು, ಸೇಂಟ್ ಪಾಲ್ ಪಟ್ಟಣದ ಹೈಸ್ಕೂಲನ್ನು ಸೇರಿ, ಅಲ್ಲಿಯ ಪಾಠಗಳನ್ನು ಮೂರೇ ವರುಷಗಳಲ್ಲಿ ಮುಗಿಸಿದರು. ಆ ಶಾಲೆಯ ಉಪಾಧ್ಯಾಯಿನಿಯಾದ ಮೇರಿ ಜೆನೆಟ್ ನ್ಯೂಸನ್ ಎಂಬವರು ಹುಡುಗನ ಬುದ್ಧಿಯನ್ನು ಗುರುತಿಸಿ, ದೂರದ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಹೋಗುವಂತೆ ಪ್ರೋತ್ಸಾಹಿಸಿದರು. 1892ರಲ್ಲಿ ಅಲ್ಲಿಗೆ ಸೇರಿದ ಕ್ಯಾನನ್ನರು 1896ರಲ್ಲಿ ಅತ್ಯುನ್ನತ ದರ್ಜೆಯಲ್ಲಿ ಪದವಿಯನ್ನು ಪಡೆದು ವೈದ್ಯವಿದ್ಯೆಗೆ ತೊಡಗಿದರು.

ಅದಕ್ಕೆ ಮುಂಚಿನ ವರುಷವೇ ಜರ್ಮನಿಯಲ್ಲಿ ರಾಂಟ್‌ಗೆನ್ ಪಂಡಿತರು ಎಕ್ಸ್ ಕಿರಣಗಳನ್ನು ಕಂಡುಹಿಡಿದಿದ್ದರು. ತುತ್ತು ಬಾಯಿಯ ಒತ್ತಡದಿಂದಲೇ ಪಿಚಕಾರಿಯ ನೀರಿನಂತೆ ಹೊಟ್ಟೆಗೆ ಚಿಮ್ಮಿಹೋಗುವುದೆಂದು ಆ ಕಾಲದ ಕೆಲವು ಪಂಡಿತರ ಮತವಾಗಿತ್ತು. ಪ್ರೊಫೆಸರ್ ಬೌಡಿಚ್ ಎಂಬವರು ಇದನ್ನು ಹೊಸ ಕಿರಣಗಳಿಂದ ಪರೀಕ್ಷಿಸಿ ನೋಡೆಂದು ಶಿಷ್ಯನಿಗೆ ಸೂಚಿಸಿದರು. 1896ರ ಡಿಸೆಂಬರಿನಲ್ಲಿ ಕ್ಯಾನನ್ನರು ಸಹಪಾಠಿಯಾದ ಮೋಸರ್ ಎಂಬವರೊಡನೆ, ನಾಯಿಯೊಂದು ಮುತ್ತುಚಿಪ್ಪಿನ ಗುಂಡಿಯನ್ನು ನುಂಗುವುದನ್ನು ನೋಡಿದರು. ಬಳಿಕ ನೀಳವಾದ ಕೊರಳುಳ್ಳ ಬಾತುಕೋಳಿಯ ಜಾತಿಯ ಹಕ್ಕಿಗೆ, ಕಿರಣಗಳನ್ನು ತಡೆಯುವ ಬಿಸ್ಮತ್ ಪುಡಿಯನ್ನು ಆಹಾರದಲ್ಲಿ ಕಲಸಿ ತಿನ್ನಿಸಿದರು. ತುತ್ತಿನ ಹಿಂದೆ ಅನ್ನನಾಳವು ಬಿಗಿಯುತ್ತ, ಆ ಬಿಗಿತವು ಅಲೆಯಂತೆ ಸಾಗಿ ಆಹಾರವನ್ನು ಕೆಳಕ್ಕೆ ನೂಕುವುದು ಸ್ಪಷ್ಟವಾಗಿ ಕಂಡಿತು. ಈ ಅಲೆಗೆ ಸ್ನಾಯುಕೋಶಗಳ ಪೊರೆಯಲ್ಲಿರುವ ಅತಿ ಸೂಕ್ಷ್ಮವಾದ ದ್ವಾರಗಳ ಸಹಾಯವುಂಟೆಂದೂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಮೊದಲಾದವುಗಳ ವಿದ್ಯುದಂಶವುಳ್ಳ ಕಣಗಳು ಅವುಗಳ ಮೂಲಕ ಒಳಹೊರಗೆ ಹರಿಯುವುದರಿಂದ ಸ್ನಾಯುವು ಬಿಗಿದು ಸಡಿಲುವುದೆಂದೂ ಮುಂದಿನ ತಲೆಮಾರುಗಳ ಪಂಡಿತರು ತಿಳಿಸಿದರು. ಇಂದಿಗೂ ನುಂಗಲಾರದ ರೋಗಿಗಳಿಗೆ ಆಸ್ಪತ್ರೆಗಳಲ್ಲಿ ಬೇರಿಯಂ ಕುಡಿಸಿ ಎಕ್ಸ್ ಕಿರಣಗಳಿಂದ ಪರೀಕ್ಷಿಸುವುದುಂಟು. ಅದು ಈ ಉಪಾಯದ ಸಂತಾನವೇ ಸರಿ.

ತರುವಾಯ ಕ್ಯಾನನ್ನರು ಬೆಕ್ಕುಗಳ ಜಠರವನ್ನು ಪರೀಕ್ಷಿಸತೊಡಗಿದರು. ಆಗ ಒಂದು ವಿಘ್ನವು ಕಾಣಿಸಿತು. ಬೆಕ್ಕು ಹೆದರಿದರೆ ಅಥವಾ ಸಿಟ್ಟುಗೊಂಡರೆ ಜಠರದ ಚಲನೆಯು ಅಲ್ಲಿಗೇ ನಿಂತುಹೋಗುವುದು. ಶಾಂತವಾದರೆ ಪುನಃ ಆರಂಭವಾಗುವುದು. ಬೇರೊಬ್ಬರಾಗಿದ್ದರೆ ಪ್ರಯೋಗವು ಕೆಟ್ಟಿತೆಂದು ಬೇಸರಪಟ್ಟು ಬಿಡುತ್ತಿದ್ದರು. ಇವರು ಆ ವಿಘ್ನವನ್ನೇ ಪ್ರಶ್ನೆಯನ್ನಾಗಿ ಮಾಡಿಕೊಂಡರು. ಅನೇಕ ವರುಷಗಳ ಶ್ರಮದ ಫಲವಾಗಿ, ಭಯಕೋಪಗಳಲ್ಲಿ ಮೂತ್ರಪಿಂಡಗಳ ಮೇಲಿರುವ ಗ್ರಂಥಿಗಳಿಂದ ಅಡ್ರಿನಲಿನ್ ಎಂಬ ರಸವು ರಕ್ತಕ್ಕೆ ಸೇರಿ, ಎದೆಬಡಿತವನ್ನು ಹೆಚ್ಚಿಸಿ, ಶರೀರವನ್ನು ಕಾದಾಟಕ್ಕೋ ಓಟಕ್ಕೋ ಅಣಿಮಾಡುವುದೆಂದು ತೋರಿಸಿದರು. ಇದನ್ನು ವಿವರಿಸುವ ಗ್ರಂಥವು 1915ರಲ್ಲಿ ಹೊರಬಿತ್ತು. ರಕ್ತದ ಸಕ್ಕರೆ, ಉಪ್ಪು, ನೀರು, ಮೈಯ ಬಿಸಿ ಇವುಗಳನ್ನು ಶರೀರವು ತಾನೇ ಸಮತೂಕದಲ್ಲಿಟ್ಟುಕೊಳ್ಳುವುದಕ್ಕೆ ಹೋಮಿಯೋಸ್ಟೇಸಿಸ್ ಎಂಬ ಹೆಸರನ್ನಿಟ್ಟವರೂ ಇವರೇ. 1906ರಿಂದ 1942ರ ವರೆಗೆ ಇವರು ಹಾರ್ವರ್ಡಿನಲ್ಲಿ ಪ್ರೊಫೆಸರರಾಗಿದ್ದರು. 1901ರಲ್ಲಿ ಇವರ ಕೈಹಿಡಿದ ಕಾರ್ನೀಲಿಯಾ ಜೇಮ್ಸ್ ಎಂಬಾಕೆಯು ರ್‍ಯಾಡ್‌ಕ್ಲಿಫ್ ಮಹಿಳಾ ಕಾಲೇಜಿನಲ್ಲಿ ಓದಿದವಳು. ಮುಂದೆ ಕಾದಂಬರಿಗಾರ್ತಿಯೆಂದು ಹೆಸರು ಪಡೆದಳು.

ಈ ಜ್ಞಾನಕ್ಕೆ ತೆತ್ತ ಬೆಲೆಯು ಅಲ್ಪವಲ್ಲ. ಹೊಸ ಕಿರಣಗಳ ಹಾನಿಯು ಆ ದಿನಗಳಲ್ಲಿ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಸಾಕಷ್ಟು ಮರೆಯಿಲ್ಲದೆ ಅವುಗಳೆದುರು ಕೆಲಸ ಮಾಡಿದ ಕ್ಯಾನನ್ನರ ಚರ್ಮವು ಸುಟ್ಟಿತು. ಮುಪ್ಪಿನಲ್ಲಿ ಕಠಿಣವಾದ ಚರ್ಮರೋಗವು ಅವರನ್ನು ಬಾಧಿಸಿತು. ಅದು ಆ ಕಿರಣಗಳ ಫಲವೆಂದೇ ಎಣಿಸಲಾಯಿತು. 1945ರ ಅಕ್ಟೋಬರ್ 1ರಂದು ಇವರು ಕಾಲವಾದರು.

ಪ್ರಿಯ ತಾಯ್ತಂದೆಗಳೇ, ಊಟಕ್ಕೆ ಕುಳಿತ ಮಗುವಿಗೆ ಅಂಕಪಟ್ಟಿಯನ್ನು ತೋರಿಸಿ ಗದರಿಸುವಾಗ ಕ್ಯಾನನ್ನರ ಬೆಕ್ಕನ್ನು ಜ್ಞಾಪಿಸಿಕೊಳ್ಳಿರಿ. ಹೆದರಿದ ಹೊಟ್ಟೆಯು ಅನ್ನವನ್ನು ಸರಿಯಾಗಿ ಅರಗಿಸಲಾರದು. ಬೈಗುಳವು ಅತ್ಯವಶ್ಯವಾದರೆ ಊಟವಾದ ಮೇಲೂ ಅದಕ್ಕೆ ಹೊತ್ತುಂಟು. ಓದಿನಲ್ಲಿ ಹಿಂದುಳಿದಳೆಂದು ಮಗಳನ್ನು ಶಾಲೆ ಬಿಡಿಸಬೇಕೆಂದು ಮನೆಯಲ್ಲಿ ಮಾತು ಹುಟ್ಟಿದರೆ, ಹದಿನಾಲ್ಕನೆಯ ವಯಸ್ಸಿನಲ್ಲಿ ಕಛೇರಿಯ ಕೆಲಸಕ್ಕೆ ಹೋದ ಆ ಹುಡುಗನನ್ನೂ ನೆನೆಯಿರಿ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಇಂದು ಉಪಾಧ್ಯಾಯಿನಿಯರಾಗಿರುವವರು ನ್ಯೂಸನ್ ಅಮ್ಮನವರನ್ನು ಮರೆಯದಿರಲಿ. ಆಕೆಯು ಮಾಡಿದ್ದು ಇಷ್ಟೇ: ತಡವಾಗಿ ಮರಳಿ ಬಂದ ಹುಡುಗನೊಬ್ಬನನ್ನು ಚೆನ್ನಾಗಿ ನೋಡಿ, ಮುಂದಿನ ದಾರಿಯನ್ನು ತೋರಿಸಿದಳು.