ಜಾರ್ಜ್ ಎಲಿಯಟ್ ಎಂಬ ಗ್ರಂಥಕರ್ತ್ರಿಯ ಚರಿತ್ರೆ

ಇಂಗ್ಲಿಷ್ ಭಾಷೆಯ ಕಥೆಗಾರರಲ್ಲಿ ಜಾರ್ಜ್ ಎಲಿಯಟ್ ಎಂಬ ಹೆಸರು ಬಹು ಪ್ರಸಿದ್ಧವಾದದ್ದು. ಹೆಸರು ಗಂಡಸಿನದಾದರೂ ಅದನ್ನು ಇಟ್ಟುಕೊಂಡವಳು ಒಬ್ಬ ಸ್ತ್ರೀಯು. ಆಕೆಯ ಸ್ವಂತ ಹೆಸರು ಮೇರಿ ಆನ್ ಇವಾನ್ಸ್. ಆಕೆಯು 1819ನೆಯ ಇಸವಿ ನವೆಂಬರ್ 22ರಲ್ಲಿ ಇಂಗ್ಲೆಂಡಿನ ವಾರಿಕ್ ಸೀಮೆಯ ನನೀಟನ್ ಎಂಬ ಊರಿನ ಬಳಿ ಹುಟ್ಟಿದಳು. ತಂದೆಯಾದ ರಾಬರ್ಟ್ ಇವಾನ್ಸನು ಬಡಗಿಯ ಕೆಲಸದಿಂದ ಮೇಲಕ್ಕೆ ಬಂದು, ಒಬ್ಬ ದೊಡ್ಡ ಜಮೀನುದಾರನ ಭೂಮಿಗಳಿಗೆ ಪಾರುಪತ್ಯಗಾರನಾಗಿದ್ದನು. ಆದಿತ್ಯವಾರದ ಆರಾಧನೆಯನ್ನು ತಪ್ಪಿಸುವದು ಆ ಮನೆಯ ವಾಡಿಕೆಯಲ್ಲ.

1828ರಲ್ಲಿ ನನೀಟನಿನ ಶಾಲೆಗೆ ಸೇರಿದಾಗ ಮರಿಯ ಲೂಯಿಸ್ ಎಂಬ ಭಕ್ತಿಯುಳ್ಳ ಉಪಾಧ್ಯಾಯಿನಿಯು ಆಕೆಯನ್ನು ಬಹಳವಾಗಿ ಪ್ರೀತಿಸಿ, ಸತ್ಯವೇದವನ್ನು ಓದುವ ಅಭ್ಯಾಸಕ್ಕೆ ತಂದಳು. ತರುವಾಯ ಕೊವೆಂಟ್ರಿ ಪಟ್ಟಣದಲ್ಲಿ ಒಬ್ಬ ಬಾಪ್ಟಿಸ್ಟ್ ಬೋಧಕನ ಕುಮಾರ್ತೆಯರು ನಡಿಸುತ್ತಿದ್ದ ಶಾಲೆಯಲ್ಲಿ ಓದಿದಳು. 1836ರಲ್ಲಿ ತಾಯಿ ತೀರಿಹೋಗಲು, ಹದಿನಾರು ವರುಷದ ಹುಡುಗಿಯಾದ ಆಕೆಯು ಶಾಲೆಯನ್ನು ಬಿಟ್ಟಿದ್ದು, ಮರುವರುಷ ಅಕ್ಕನ ಮದುವೆಯಾದ ಮೇಲೆ ಮನೆಯ ಭಾರವನ್ನೆಲ್ಲಾ ತಾನೇ ಹೊತ್ತಳು.

ಆ ಕಾಲದಲ್ಲಿ ಆಕೆಯ ಭಕ್ತಿಯು ಬಹು ಕಠಿಣವಾಗಿತ್ತು. ಅಂದವಾದ ಉಡುಪನ್ನು ತೊರೆದಳು. 1838ರಲ್ಲಿ ಅಣ್ಣನಾದ ಐಸಾಕನ ಸಂಗಡ ಲಂಡನಿಗೆ ಹೋದಾಗ, ಅವನು ನಾಟಕ ನೋಡಲು ಹೊರಟರೆ ಆಕೆಯು ಬಿಡಾರದಲ್ಲಿ ಕುಳಿತು ಪುಸ್ತಕ ಓದಿದಳು. ಕಲ್ಪಿತ ಕಥೆಗಳನ್ನು ಓದುವದು ಆತ್ಮಕ್ಕೆ ಕೇಡೆಂದು ತನ್ನ ಉಪಾಧ್ಯಾಯಿನಿಗೆ ಉದ್ದವಾದ ಪತ್ರವನ್ನೇ ಬರೆದಳು. ಮುಂದೆ ಕಥೆಗಳನ್ನು ಬರೆದೇ ಲೋಕಪ್ರಸಿದ್ಧಳಾಗುವವಳು ಇವಳೇ! ಇಂಥ ಯೌವನಸ್ಥರು ನಮ್ಮ ಸಭೆಗಳಲ್ಲಿಯೂ ಇಲ್ಲದಿಲ್ಲ. ಅವರ ಆಸಕ್ತಿಯು ನಿಜವಾದದ್ದೇ, ಆದರೆ ಅವರು ತಮ್ಮ ಮೇಲೆಯೇ ಹೊರಿಸಿಕೊಳ್ಳುವ ನೊಗವು ಕೆಲವು ಸಾರಿ ಕರ್ತನು ಹೊರಿಸಿದ್ದಕ್ಕಿಂತ ಭಾರವಾಗಿರುತ್ತದೆ.

1841ರಲ್ಲಿ ತಂದೆಯು ಮುಪ್ಪಿನ ದೆಸೆಯಿಂದ ಕೆಲಸವನ್ನು ಐಸಾಕನಿಗೆ ಒಪ್ಪಿಸಿ, ಮಗಳನ್ನು ಕರೆದುಕೊಂಡು ಕೊವೆಂಟ್ರಿಯ ಅಂಚಿನಲ್ಲಿ ಒಂದು ಒಳ್ಳೇ ಮನೆಯನ್ನು ಹಿಡಿದನು. ಪಟ್ಟಣದಲ್ಲಿದ್ದರೆ ಮಗಳಿಗೆ ತಕ್ಕ ವರನು ದೊರಕುವನೆಂಬ ಆಶೆಯೂ ಮನೆಯವರಿಗಿತ್ತು. ಅಲ್ಲಿ ರೇಷ್ಮೆಪಟ್ಟಿಗಳನ್ನು ನೇಯಿಸುವ ಚಾರ್ಲ್ಸ್ ಬ್ರೇ ಎಂಬವನ ಮತ್ತು ಅವನ ಹೆಂಡತಿಯಾದ ಕಾರಾಳ ಪರಿಚಯವಾಯಿತು. ಈ ಕಾರಾಳ ಅಣ್ಣನಾದ ಚಾರ್ಲ್ಸ್ ಹೆನೆಲನು, ತಂಗಿಯ ನಂಬಿಕೆಯು ಕದಲಬಾರದೆಂದು ಸುವಾರ್ತೆಗಳನ್ನು ಪರಿಶೋಧಿಸಲಾರಂಭಿಸಿ, ಕಡೆಗೆ ಅದ್ಭುತಗಳನ್ನು ತಾನೇ ನಂಬಲಾರದೆ 1838ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದ್ದನು. ಮೇರಿ ಆನಳು ಅದನ್ನು ಓದಿದಳು. ಮನಸ್ಸಿನಲ್ಲಿ ಮೊದಲೇ ಎದ್ದಿದ್ದ ಸಂಶಯಗಳು ಆಗ ಗಟ್ಟಿಯಾದವು.

1842ನೆಯ ಜನವರಿ 2, ಆದಿತ್ಯವಾರ, ಆಕೆಯು ತಂದೆಯ ಸಂಗಡ ಆರಾಧನೆಗೆ ಹೋಗಲೊಲ್ಲೆನೆಂದಳು. ನಂಬದ ಮಾತುಗಳನ್ನು ದೇವರ ಮುಂದೆ ಬಾಯಿಂದ ನುಡಿಯುವದು ಕಪಟವೆಂದು ಆಕೆಗೆ ತೋರಿತು. ಮುದುಕನಾದ ತಂದೆಯು ಮಗಳ ಸಂಗಡ ಮಾತಾಡುವದನ್ನೇ ಬಿಟ್ಟನು. ಆಕೆಯ ಮನಸ್ಸನ್ನು ತಿರುಗಿಸುವದಕ್ಕಾಗಿ ಪಂಡಿತರಾದ ಬೋಧಕರು ಬಂದು ವಾದಿಸಿದರು. ಅವರು ಓದೆಂದು ಹೇಳಿದ ಪುಸ್ತಕಗಳನ್ನೆಲ್ಲಾ ಆಕೆಯು ಮೊದಲೇ ಓದಿದ್ದಳು. ಫೆಬ್ರವರಿ ಕಡೆಯಲ್ಲಿ ಆಕೆಯು ಒಂದೇ ಮನೆಯಲ್ಲಿದ್ದ ತಂದೆಗೆ ಪತ್ರವನ್ನು ಬರೆದು, ಯೇಸುವಿನ ನೀತಿಬೋಧೆಯನ್ನು ತಾನು ಪ್ರೀತಿಸುತ್ತೇನೆಂದೂ, ಆದರೆ ಆತನ ಚರಿತ್ರೆಯ ಮೇಲೆ ಕಟ್ಟಿದ ಸಿದ್ಧಾಂತಗಳು ದೇವರಿಗೆ ಗೌರವವನ್ನು ತರುವವುಗಳಲ್ಲವೆಂದೂ, ತನ್ನ ಪಾಲಿನ ಹಣವನ್ನು ಬೇಕಾದರೆ ಒಡಹುಟ್ಟಿದವರಿಗೆ ಕೊಡಬಹುದೆಂದೂ ತಿಳಿಸಿದಳು. ತಂದೆಯು ಮನೆಯನ್ನು ಬಿಟ್ಟುಕೊಡಲು ಸಿದ್ಧನಾದನು. ಆಕೆಯು ಉಪಾಧ್ಯಾಯಿನಿಯ ಕೆಲಸದಿಂದ ಹೊಟ್ಟೆ ಹೊರೆಯಬೇಕೆಂದು ಯೋಚಿಸುತ್ತಾ ಅಣ್ಣನ ಮನೆಗೆ ಹೋದಳು.

ನಮ್ಮಲ್ಲಿ ಅನೇಕರ ಅಜ್ಜಂದಿರು ದೀಕ್ಷಾಸ್ನಾನವನ್ನು ಹೊಂದಿದ ದಿವಸ ತಂದೆಯ ಮನೆಯ ಹೊಸ್ತಿಲನ್ನು ದಾಟಿ ಬಂದವರು. ಈಕೆಯು ಹೋದ ದಾರಿಯು ಬೇರೆ, ಆ ದಾರಿಯನ್ನು ನಾವು ಒಪ್ಪಲಾರೆವು. ಆದರೂ ಹೊಸ್ತಿಲಿನ ದುಃಖವು ಎಂಥದ್ದೆಂದು ಅವರ ಮಕ್ಕಳು ಬಲ್ಲರು. ಮನೆಯನ್ನು ತಪ್ಪಿಸುತ್ತೇನೆಂಬ ಬೆದರಿಕೆಯಿಂದ ಯಾರ ಹೃದಯದಲ್ಲಾದರೂ ನಂಬಿಕೆಯು ಹುಟ್ಟೀತೇ?

ಕೆಲವು ವಾರಗಳಾದ ಮೇಲೆ ಒಂದು ಒಪ್ಪಂದವಾಯಿತು. ಆಕೆಯು ತಂದೆಯ ಸಂಗಡ ದೇವಾಲಯಕ್ಕೆ ಹೋಗತಕ್ಕದ್ದು. ಒಳಗಿನ ಆಲೋಚನೆಯು ಆಕೆಯದೇ. ತಂದೆಯು ಅಷ್ಟಕ್ಕೆ ತೃಪ್ತನಾದನು. ಮುಂದೆ ಆಕೆಯು, ತನ್ನ ಅಭಿಪ್ರಾಯವನ್ನಲ್ಲ, ಅದಕ್ಕೋಸ್ಕರ ತಂದೆಯನ್ನು ನೋಯಿಸಿದ್ದನ್ನು ಕುರಿತು ಪಶ್ಚಾತ್ತಾಪಪಟ್ಟಳು. ಮನುಷ್ಯರನ್ನು ಒಂದಾಗಿ ಕಟ್ಟುವದು ಒಂದೇ ಅಭಿಪ್ರಾಯವಲ್ಲ, ಪರಸ್ಪರವಾದ ಮರುಕವೇ ಎಂದು ಸ್ನೇಹಿತಳಿಗೆ ಬರೆದಳು.

1844ರಿಂದ ಎರಡು ವರುಷಗಳ ವರೆಗೆ ಆಕೆಯು ಜರ್ಮನ್ ಪಂಡಿತನಾದ ಸ್ಟ್ರೌಸನು ಯೇಸುವಿನ ಚರಿತ್ರೆಯನ್ನು ವಿಮರ್ಶಿಸಿದ ದೊಡ್ಡ ಗ್ರಂಥವನ್ನು ಭಾಷಾಂತರಿಸಿದಳು. 1846ರಲ್ಲಿ ಅದು ಮೂರು ಸಂಪುಟಗಳಾಗಿ, ಆಕೆಯ ಹೆಸರಿಲ್ಲದೆ, ಅಚ್ಚಾಯಿತು. ಸಿಕ್ಕಿದ ಕೂಲಿಯು 20 ಪೌಂಡು. ಆ ಗ್ರಂಥಕರ್ತನು ಶಿಲುಬೆಯ ವೃತ್ತಾಂತವನ್ನು ತುಂಡುತುಂಡಾಗಿ ಸೀಳುವ ಭಾಗಕ್ಕೆ ಬಂದಾಗ ಆಕೆಯ ಮನಸ್ಸು ಬಹಳ ಕುಗ್ಗಿತು. ಬರೆಯುವ ಕೋಣೆಯಲ್ಲಿ ಇಟ್ಟುಕೊಂಡಿದ್ದ ಕ್ರಿಸ್ತನ ಚಿಕ್ಕ ಪ್ರತಿಮೆಯನ್ನು ನೋಡಿ ನೋಡಿ ಆಕೆಯು ಆ ಕೆಲಸವನ್ನು ಸಾಗಿಸಿದಳು. ನಂಬಲಾರೆನೆಂದವಳು ಆ ಮುಖವನ್ನು ಬಿಡಲಾರದೆ ಹೋದಳಲ್ಲಾ!

ತಂದೆಯ ಕಡೇ ಬೇನೆಯಲ್ಲಿ ಹಗಲಿರುಳು ಶುಶ್ರೂಷೆ ಮಾಡಿದವಳು ಆಕೆಯೇ. 1849ನೆಯ ಮೇ 31ರಲ್ಲಿ ಆತನು ತೀರಿಹೋದನು.

ತರುವಾಯ ಆಕೆಯು ಲಂಡನಿಗೆ ಹೋಗಿ ಪತ್ರಿಕೆಯ ಕೆಲಸವನ್ನು ಮಾಡಿದಳು. 1854ರಿಂದ ಜಾರ್ಜ್ ಲೂಯಿಸ್ ಎಂಬ ಪಂಡಿತನೊಡನೆ ಸಂಸಾರ ನಡಿಸಿದಳು; ಅವನಿಗೆ ಜೀವದಿಂದಿದ್ದ ಹೆಂಡತಿಯಿದ್ದಳು, ಕಾಯಿದೆಯ ಮೇರೆಗೆ ಬಿಡುಗಡೆಯಾಗುವ ಹಾಗಿರಲಿಲ್ಲ. ಇದನ್ನು ನಾವು ಸರಿಯೆನ್ನಲಾರೆವು, ಮರೆಮಾಡುವದೂ ಯುಕ್ತವಲ್ಲ. 1857ರಲ್ಲಿ ಇದನ್ನು ತಿಳಿದ ಐಸಾಕನು ತಂಗಿಗೆ ಪತ್ರ ಬರೆಯುವದನ್ನು ನಿಲ್ಲಿಸಿಬಿಟ್ಟನು.

ಆ ವರುಷವೇ ಆಕೆಯ ಮೊದಲನೆಯ ಕಥೆಗಳು ಹೊರಟವು. ಅವು ಹಳ್ಳಿಯ ಪಾದ್ರಿಗಳ ವಿಷಯವಾದವುಗಳು. 1859ರಲ್ಲಿ ಆಡಂ ಬೀಡ್ ಎಂಬ ದೊಡ್ಡ ಕಥೆಯು ಬಂತು. ಆಕೆಯ ಚಿಕ್ಕಮ್ಮನಾದ ಎಲಿಜಬೆತಳು ಮೆಥೊಡಿಸ್ಟ್ ಪ್ರಸಂಗಿಯು. ಶಿಶುಹತ್ಯಕ್ಕಾಗಿ ಗಲ್ಲಿನ ತೀರ್ಪು ಹೊಂದಿದ್ದ ಒಬ್ಬ ಹುಡುಗಿಯ ಸಂಗಡ ತಾನು ಸೆರೆಮನೆಯಲ್ಲಿ ರಾತ್ರಿಯೆಲ್ಲಾ ಪ್ರಾರ್ಥಿಸಿ, ಬೆಳಿಗ್ಗೆ ಗಲ್ಲಿನ ವರೆಗೂ ಜೊತೆಗೆ ಹೋದದ್ದನ್ನು ಈಕೆಗೆ ಹಿಂದೆ ಹೇಳಿದ್ದಳು. ಆ ಚಿಕ್ಕಮ್ಮನೇ ಕಥೆಯಲ್ಲಿ ದೈನಾ ಎಂಬ ಉಪದೇಶಿನಿಯಾದಳು. ಭಕ್ತರನ್ನು ಗೇಲಿಮಾಡುವದು ಸಂಶಯಪಟ್ಟವರಿಗೆ ಸುಲಭ. ಈಕೆಯು ಅದನ್ನು ಮಾಡಲಿಲ್ಲ. ಆದರೆ ಸಭೆಯ ಕ್ರೂರತನವನ್ನೂ ಆಕೆಯು ಬಲ್ಲಳು. 1861ರ ಸೈಲಸ್ ಮಾರ್ನರ್ ಎಂಬ ಕಥೆಯಲ್ಲಿ ಒಬ್ಬ ಬಡ ನೇಕಾರನನ್ನು ಸ್ನೇಹಿತನೇ ಕಳ್ಳನೆಂದು ತೋರುವಂತೆ ಮಾಡುತ್ತಾನೆ. ಸಭೆಯವರು ಚೀಟು ಹಾಕಿ, ಚೀಟು ಬಿದ್ದಂತೆ ಅವನನ್ನು ಹೊರಗೆ ತಳ್ಳುತ್ತಾರೆ. ನಮ್ಮ ಸಭೆಯ ಹಿರಿಯರು ಈ ಕಥೆಯನ್ನು ಓದಿಸಿ ಕೇಳಿದರೆ ನಷ್ಟವೇನೂ ಇಲ್ಲ.

1878ರಲ್ಲಿ ಲೂಯಿಸನು ಸತ್ತನು. 1880ರ ಮೇ ತಿಂಗಳಲ್ಲಿ ಆಕೆಯು ಜಾನ್ ಕ್ರಾಸ್ ಎಂಬವನನ್ನು ದೇವಾಲಯದಲ್ಲಿ ಕ್ರಮವಾಗಿ ಮದುವೆಯಾಗಲು, ಇಪ್ಪತ್ತಮೂರು ವರುಷ ಸುಮ್ಮನಿದ್ದ ಐಸಾಕನಿಂದ ಹರಸುವ ಪತ್ರ ಬಂತು. ತನ್ನ ಪ್ರೀತಿಯು ಎಂದೂ ಕೆಟ್ಟಿರಲಿಲ್ಲವೆಂದು ಆಕೆಯು ಕೂಡಲೇ ಉತ್ತರ ಬರೆದಳು. ಅದೇ ವರುಷ ಡಿಸೆಂಬರ್ 22ರಲ್ಲಿ ಆಕೆಯು ಮರಣಹೊಂದಿದಳು. ವೆಸ್ಟ್‌ಮಿನ್‌ಸ್ಟರ್ ದೇವಾಲಯದಲ್ಲಿ ಸ್ಥಳ ಸಿಕ್ಕಲಿಲ್ಲ. ಆಕೆಯ ಹೆಸರಿನ ಕಲ್ಲನ್ನು ಅಲ್ಲಿ ಇಟ್ಟದ್ದು 1980ರಲ್ಲಿ. ಹೈಗೇಟಿನ ಸ್ಮಶಾನದಲ್ಲಿ ಆಕೆಯನ್ನು ಹೂಣಿಟ್ಟ ದಿವಸ, ಶವದ ಹಿಂದೆ ನಡೆದವರಲ್ಲಿ ಮುದುಕನಾಗಿದ್ದ ಐಸಾಕನೂ ಇದ್ದನು.