ಕೂಲಿಂಗ್ ಬೇಡ ಅಂದುಕೊಂಡಿದ್ದ ರುಡಾಲ್ಫ್ ಡೀಸೆಲ್

ಥರ್ಮೋಡೈನಾಮಿಕ್ಸ್ ಪರೀಕ್ಷೆಯಲ್ಲಿ ಡೀಸೆಲ್ ಸೈಕಲ್ ಬಂದರೆ ನಾವೆಲ್ಲ ಐದು ನಿಮಿಷದಲ್ಲಿ ಪಿ-ವಿ ಡಯಾಗ್ರಾಂ ಬರೆದು ಮುಂದಿನ ಪ್ರಶ್ನೆಗೆ ಹೋಗ್ತೀವಿ. ಆದರೆ ಡೀಸೆಲ್ ಅನ್ನೋದು ಒಬ್ಬ ಮನುಷ್ಯನ ಹೆಸರು. ಕಾಗದದ ಮೇಲಿನ ಆ ಗೆರೆಯನ್ನು ಕಬ್ಬಿಣದಲ್ಲಿ ಓಡಿಸೋಕೆ ಆತ ವರ್ಷಗಟ್ಟಲೆ ಒದ್ದಾಡಿದ. ಒದ್ದಾಡುವಾಗ ತನ್ನದೇ ಥಿಯರಿಯ ಒಂದು ಭಾಗವನ್ನು ಕೈಬಿಡಬೇಕಾಯ್ತು. ಆ ಭಾಗ ಯಾವುದು ಅಂತ ತಿಳಿದರೆ, ಇವತ್ತು ಪ್ರತಿ ಡೀಸೆಲ್ ಪಿಕಪ್‌ನ ಬಾನೆಟ್ ಕೆಳಗೆ ರೇಡಿಯೇಟರ್ ಫ್ಯಾನ್ ಯಾಕೆ ಇದೆ ಅನ್ನೋದೂ ತಿಳಿಯುತ್ತೆ.

ರುಡಾಲ್ಫ್ ಹುಟ್ಟಿದ್ದು 1858ರ ಮಾರ್ಚ್ 18ರಂದು, ಪ್ಯಾರಿಸ್‌ನಲ್ಲಿ. ಅಪ್ಪ ಅಮ್ಮ ಜರ್ಮನಿಯ ಬವೇರಿಯಾ ಕಡೆಯವರು. ಅಪ್ಪ ಪುಸ್ತಕಕ್ಕೆ ಬೈಂಡಿಂಗ್ ಹಾಕೋ ಕೆಲಸದವರು. 1870ರಲ್ಲಿ ಫ್ರಾನ್ಸಿಗೂ ಜರ್ಮನಿಗೂ ಯುದ್ಧ ಶುರುವಾದಾಗ ಜರ್ಮನ್ ಮೂಲದ ಈ ಕುಟುಂಬ ಪ್ಯಾರಿಸ್ ಬಿಟ್ಟು ಲಂಡನ್ನಿಗೆ ಹೋಗಬೇಕಾಯ್ತು. ಅಲ್ಲಿಂದ ಹನ್ನೆರಡು ವರ್ಷದ ಹುಡುಗನನ್ನು ಆಗ್ಸ್‌ಬರ್ಗ್‌ನ ಸಂಬಂಧಿಕರ ಮನೆಗೆ ಕಳಿಸಿದರು. ಆ ಮನೆಯ ಯಜಮಾನರು ಗಣಿತದ ಮೇಷ್ಟ್ರು. ಇಂಜಿನಿಯರ್ ಆಗಬೇಕು ಅನ್ನೋ ಆಸೆ ಹುಟ್ಟಿದ್ದು ಅಲ್ಲೇ.

ಸ್ಕಾಲರ್‌ಶಿಪ್ ಮೇಲೆ ಮ್ಯೂನಿಕ್‌ನ ಪಾಲಿಟೆಕ್ನಿಕ್ ಸೇರಿದ. ಅಲ್ಲಿ ಸಿಕ್ಕ ಗುರು ಕಾರ್ಲ್ ಫಾನ್ ಲಿಂಡೆ, ರೆಫ್ರಿಜರೇಷನ್ ಯಂತ್ರಗಳಿಗೆ ಹೆಸರಾದವರು. ಆಗಿನ ಸ್ಟೀಮ್ ಇಂಜಿನ್ ಇಂಧನದ ಶಾಖದಲ್ಲಿ ನೂರಕ್ಕೆ ಹತ್ತು ಭಾಗವನ್ನಷ್ಟೇ ಕೆಲಸಕ್ಕೆ ತರುತ್ತೆ ಅನ್ನೋದನ್ನು ಅವರ ಪಾಠದಲ್ಲಿ ಕೇಳಿದ ರುಡಾಲ್ಫ್‌ಗೆ ಅದು ತಲೆಯಿಂದ ಹೋಗಲೇ ಇಲ್ಲ. ಉಳಿದ ತೊಂಬತ್ತು ಭಾಗ ಸುಮ್ಮನೆ ಪೋಲಾಗ್ತಿದೆ ಅಂದರೆ ಹೇಗೆ? ಟೈಫಾಯ್ಡ್ ಬಂದು ಕೊನೆಯ ಪರೀಕ್ಷೆ ತಪ್ಪಿಹೋಯ್ತು. ಆಮೇಲೆ 1880ರಲ್ಲಿ ಬರೆದು ಅತ್ಯುತ್ತಮ ದರ್ಜೆಯಲ್ಲಿ ಪಾಸಾದ. ಕೆಲಸ ಸಿಕ್ಕಿದ್ದೂ ಲಿಂಡೆ ಅವರ ಹತ್ತಿರವೇ, ಪ್ಯಾರಿಸ್‌ನಲ್ಲಿ ಐಸ್ ಯಂತ್ರಗಳ ಕೆಲಸ. ಅಂದರೆ ಸುಮಾರು ಹತ್ತು ವರ್ಷ ಆತನ ಹೊಟ್ಟೆಪಾಡು ನಡೆದದ್ದು ತಂಪಿನಿಂದ. ನಡುವೆ ಅಮೋನಿಯಾ ಆವಿಯಲ್ಲಿ ಇಂಜಿನ್ ಓಡಿಸೋಕೆ ಹೋಗಿ, ಯಂತ್ರ ಸಿಡಿದು ಆಸ್ಪತ್ರೆ ಸೇರಿದ್ದೂ ಉಂಟು.

1892ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದ. ಐಡಿಯಾ ಸರಳ: ಗಾಳಿಯನ್ನು ಜೋರಾಗಿ ಒತ್ತಿದರೆ ಅದು ಎಷ್ಟು ಬಿಸಿಯಾಗುತ್ತೆ ಅಂದರೆ, ಒಳಗೆ ಬಿಟ್ಟ ಇಂಧನ ಕಿಡಿ ಇಲ್ಲದೇ ಹೊತ್ತಿಕೊಳ್ಳುತ್ತೆ. ಇಂಧನವನ್ನು ನಿಧಾನವಾಗಿ ಬಿಟ್ಟರೆ ಉರಿಯುವಾಗ ತಾಪಮಾನ ಇನ್ನೂ ಏರಬಾರದು ಅನ್ನೋದು ಆತನ ಲೆಕ್ಕ. ಹಾಗಾದರೆ ಸಿಲಿಂಡರ್ ಸುತ್ತ ನೀರು ಯಾಕೆ? ನೀರಿಗೆ ಹೋಗೋ ಶಾಖವೂ ನಷ್ಟವೇ ಅಲ್ವಾ? ಹೀಗಾಗಿ ಆಗ್ಸ್‌ಬರ್ಗ್‌ನ ಕಾರ್ಖಾನೆಯಲ್ಲಿ ಮೊದಲ ಇಂಜಿನ್ ಕಟ್ಟಿದಾಗ ಅದಕ್ಕೆ ವಾಟರ್ ಜಾಕೆಟ್ಟೇ ಇರಲಿಲ್ಲ.

1893ರ ಆಗಸ್ಟ್ 10ರಂದು ಕಾರ್ಖಾನೆಯ ಬೆಲ್ಟ್‌ನಿಂದ ಇಂಜಿನ್ ತಿರುಗಿಸಿ ಇಂಧನ ಬಿಟ್ಟರು. ಹೊತ್ತಿಕೊಂಡಿತು, ಒತ್ತಡ 80 ಬಾರ್ ಮುಟ್ಟಿತು, ಅಳೆಯೋಕೆ ಹಾಕಿದ್ದ ಇಂಡಿಕೇಟರ್ ಸಿಡಿದುಹೋಯ್ತು! ಐಡಿಯಾ ಸರಿ ಅಂತ ಗೊತ್ತಾಯ್ತು, ಆದರೆ ಇಂಜಿನ್ ತಾನಾಗಿ ಓಡಲಿಲ್ಲ. ಡೀಸೆಲ್ ಹಟ ಹಿಡಿದು ಕೂರಲಿಲ್ಲ. ಇಂಡಿಕೇಟರ್ ಬರೆದುಕೊಟ್ಟ ಗೆರೆಗಳನ್ನು ನೋಡಿ, ಒಂದೊಂದೇ ಭಾಗ ಬದಲಿಸಿದ. ಬೇಡ ಅಂದಿದ್ದ ನೀರೂ ಬಂತು. 1894ರ ಫೆಬ್ರವರಿ 17ರಂದು ಇಂಜಿನ್ ಮೊದಲ ಸಲ ತಾನಾಗಿ ಓಡಿತು, ಒಂದೇ ಒಂದು ನಿಮಿಷ. 1897ರಲ್ಲಿ ಪ್ರೊಫೆಸರ್ ಷ್ರೋಟರ್ ಅಧಿಕೃತವಾಗಿ ಟೆಸ್ಟ್ ಮಾಡಿದಾಗ ಎಫಿಷಿಯೆನ್ಸಿ 26.2% ಬಂತು. ಕಾಗದದಲ್ಲಿ ಲೆಕ್ಕ ಹಾಕಿದ್ದಕ್ಕಿಂತ ತುಂಬಾ ಕಡಿಮೆ, ಆದರೆ ಜಗತ್ತಿನ ಬೇರೆಲ್ಲ ಇಂಜಿನ್‌ಗಿಂತ ಹೆಚ್ಚು.

ಲೈಸೆನ್ಸ್ ಮಾರಿ ಕೋಟ್ಯಧೀಶನಾದ. ಆದರೆ ಪೇಟೆಂಟ್ ಜಗಳ, ಶುರುವಿನ ಇಂಜಿನ್‌ಗಳ ರಿಪೇರಿ, ಜಮೀನಿನಲ್ಲಿ ಹಾಕಿದ ದುಡ್ಡು, ಎಲ್ಲ ಸೇರಿ ಆರೋಗ್ಯವನ್ನೂ ಹಣವನ್ನೂ ತಿಂದುಹಾಕಿದವು. 1913ರ ಸೆಪ್ಟೆಂಬರ್ 29ರ ಸಂಜೆ ಆಂಟ್ವರ್ಪ್‌ನಿಂದ ಇಂಗ್ಲೆಂಡಿಗೆ ಡ್ರೆಸ್ಡೆನ್ ಅನ್ನೋ ಹಡಗು ಹತ್ತಿದ. ಬೆಳಗ್ಗೆ ಕ್ಯಾಬಿನ್‌ನಲ್ಲಿ ಆತ ಇರಲಿಲ್ಲ. ಕೆಲವು ದಿನದ ಮೇಲೆ ಸಮುದ್ರದಲ್ಲಿ ಸಿಕ್ಕ ದೇಹದ ಜೇಬಿನ ವಸ್ತುಗಳನ್ನು ಮಗ ಗುರುತಿಸಿದ. ಆಗ ಡೀಸೆಲ್‌ಗೆ 55 ವರ್ಷ.

ಆತನ ಕಾಲದ ಇಂಜಿನ್ ಗಾಡಿಗೆ ಹಾಕಲಾಗದಷ್ಟು ಭಾರ. ಬಾಷ್ ಕಂಪನಿಯ ಇಂಜೆಕ್ಷನ್ ಪಂಪ್ ಬಂದ ಮೇಲೆ ಅದು ಲಾರಿ, ಕಾರು, ಪಿಕಪ್‌ಗಳಿಗೆ ಇಳಿಯಿತು. ಕೂಲಿಂಗ್ ಮಾತ್ರ ಬಿಡಲಿಲ್ಲ. ಇವತ್ತಿಗೂ ಇಂಧನದ ಶಾಖದಲ್ಲಿ ಸುಮಾರು ಕಾಲು ಭಾಗವನ್ನು ನೀರೇ ಹೊತ್ತು ರೇಡಿಯೇಟರ್‌ಗೆ ಕೊಡುತ್ತೆ. ಆದರೆ ಈ ನಷ್ಟವನ್ನೂ ಅಳತೆಯಲ್ಲಿ ಇಡೋಕೆ ಎಷ್ಟೋ ಪಿಕಪ್‌ಗಳಲ್ಲಿ ಫ್ಯಾನ್ ಕ್ಲಚ್ ಇದೆ. ರೇಡಿಯೇಟರ್ ದಾಟಿ ಬರೋ ಗಾಳಿ ಬಿಸಿಯಾದಾಗ ಮುಂದಿರುವ ಬೈಮೆಟಲ್ ಸುರುಳಿ ಒಂದು ವಾಲ್ವ್ ತೆರೆಯುತ್ತೆ, ಸಿಲಿಕೋನ್ ಆಯಿಲ್ ಒಳಗೆ ಹರಿದು ಫ್ಯಾನನ್ನು ಹಿಡಿದುಕೊಳ್ಳುತ್ತೆ. ತಣ್ಣಗಿದ್ದಾಗ ಬಿಟ್ಟುಬಿಡುತ್ತೆ.

ಇದು ಕೆಟ್ಟಿದೆಯಾ ಅಂತ ನೋಡೋದೂ ಡೀಸೆಲ್ ದಾರಿಯೇ: ಊಹೆ ಬೇಡ, ಯಂತ್ರವನ್ನೇ ಕೇಳಬೇಕು. ಇಂಜಿನ್ ಆಫ್ ಮಾಡಿ, ಪೂರ್ತಿ ತಣ್ಣಗಾದ ಮೇಲೆ ಫ್ಯಾನನ್ನು ಕೈಯಲ್ಲಿ ತಿರುಗಿಸಿದರೆ ಸ್ವಲ್ಪ ಬಿಗಿ ಇರಬೇಕು. ಬುಗುರಿ ಥರ ಸುತ್ತಿದರೆ, ನಡುವಿನಲ್ಲಿ ಎಣ್ಣೆ ಜಿನುಗಿದ್ದರೆ, ಕ್ಲಚ್ ಹಿಡಿತ ಹೋಗಿದೆ. ಲೋಡ್ ಹಾಕಿ ಘಾಟ್ ಹತ್ತುವಾಗ ಟೆಂಪರೇಚರ್ ಮುಳ್ಳು ಮೇಲೇರುತ್ತೆ. ತಣ್ಣಗಿದ್ದಾಗಲೂ ಫ್ಯಾನ್ ಬಿಡದೆ ಭೋರ್ ಅಂತಿದ್ದರೆ ಕ್ಲಚ್ ಅಂಟಿಕೊಂಡಿದೆ, ಮೈಲೇಜ್ ಇಳಿಯುತ್ತೆ.

ಪೋಲಾಗೋ ಶಾಖವನ್ನು ಉಳಿಸೋಕೆ ಹೊರಟ ಮನುಷ್ಯನಿಗೆ ಕೊನೆಗೆ ಸ್ವಲ್ಪ ಶಾಖವನ್ನು ಬಿಟ್ಟುಕೊಡಬೇಕಾಯ್ತು. ಬಿಟ್ಟುಕೊಟ್ಟಿದ್ದರಿಂದಲೇ ಇಂಜಿನ್ ಓಡಿತು. ನಮ್ಮ ಪ್ರಾಜೆಕ್ಟ್‌ಗಳಲ್ಲಿ ಲೆಕ್ಕ ಒಂದು, ರೀಡಿಂಗ್ ಇನ್ನೊಂದು ಬಂದಾಗ ರೀಡಿಂಗ್ ತಿದ್ದೋ ಮೊದಲು ನಾವು ಆ ವಾಟರ್ ಜಾಕೆಟ್ಟನ್ನು ನೆನೆಸಿಕೊಂಡರೆ ಒಳ್ಳೇದು.